‘ನೋಡಲಿಲ್ಲ’ ಎಂದು ಬರೆಯಲು ಜಾಗವಿಲ್ಲದ ಹಾಳೆ

ತಂಡ ಕಟ್ಟಿದ್ದ ಮಾನವ ಪಿರಮಿಡ್ ಇನ್ನೂ ಕೆಳಗಿಳಿದಿರಲಿಲ್ಲ, ನನ್ನ ಹಾಳೆಯಲ್ಲಿ ಆಗಲೇ ಅಂಕ ಬಂದು ಕುಳಿತಿತ್ತು: ಹತ್ತಕ್ಕೆ 8.8. ಯಾವಾಗ ಬರೆದೆನೋ ನನಗೇ ತಿಳಿಯದು. ಅಕ್ಷರ ನನ್ನದೇ, ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು. ಸ್ಟಂಟ್‌ಗಳ, ಅಂದರೆ ಒಬ್ಬರನ್ನು ಉಳಿದವರು ಮೇಲೆತ್ತಿ ನಿಲ್ಲಿಸುವ ಸಾಹಸಗಳ, ಅಚ್ಚುಕಟ್ಟುತನಕ್ಕೆ ಮೀಸಲಾದ ಚೌಕದಲ್ಲಿ ಆ ಅಂಕ, ಬಹಳ ಯೋಚಿಸಿ ಬರೆದದ್ದೇನೋ ಎಂಬಂತೆ, ದುಂಡಗೆ ಕುಳಿತಿತ್ತು.

ಚಿಯರ್‌ಲೀಡಿಂಗ್ ತೀರ್ಪುಗಾರಿಕೆಯನ್ನು ಕಲಿಯಲು ಹೋದ ನನ್ನನ್ನು ಮೊದಲು ಕೂರಿಸಿದ್ದು ನಿಜವಾದ ತೀರ್ಪುಗಾರರ ಹಿಂದಿನ ಸಾಲಿನಲ್ಲಿ. ಅವರ ಕೈಯಲ್ಲಿರುವಂಥದೇ ಹಾಳೆ ನಮಗೂ ಸಿಗುತ್ತದೆ, ಅವರು ನೋಡುವ ರೊಟೀನನ್ನೇ, ಅಂದರೆ ತಂಡದ ಪ್ರದರ್ಶನವನ್ನೇ, ನಾವೂ ನೋಡುತ್ತೇವೆ, ಅಂಕವನ್ನೂ ಕೊಡುತ್ತೇವೆ. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ಆ ಸಾಲಿನಲ್ಲಿ ನಾವು ಮೂವರಿದ್ದೆವು. ಅಂದು ಮ್ಯಾಟ್ ಮೇಲೆ ಬಂದದ್ದು ಹಿಂದಿನ ವರ್ಷ ಗೆದ್ದಿದ್ದ ತಂಡ. ಸಂಗೀತ ಶುರುವಾಗುವ ಮೊದಲೇ ಗ್ಯಾಲರಿಯಲ್ಲಿ ಕೇಕೆ ಎದ್ದಿತ್ತು. ಇಪ್ಪತ್ತು ಜನರೂ ಒಂದೇ ಉಸಿರಿನಲ್ಲಿ ತಲೆ ಎತ್ತಿದರು, ಒಂದೇ ಕ್ಷಣದಲ್ಲಿ ನಕ್ಕರು. ಎದುರಿಗಿದ್ದ ಗುಂಪಿನ ಫ್ಲೈಯರ್, ಅಂದರೆ ಉಳಿದವರು ಮೇಲೆತ್ತಿ ಹಿಡಿದವಳು, ಒಂಟಿ ಕಾಲಿನ ಮೇಲೆ ನಿಂತು ಇನ್ನೊಂದು ಕಾಲನ್ನು ಕಿವಿಯ ಪಕ್ಕಕ್ಕೆ ಎಳೆದುಕೊಂಡಾಗ ಕಂಬದಂತೆ ಅಲುಗಾಡದೆ ನಿಂತಿದ್ದಳು. ನನ್ನ 8.8 ಬಹುಶಃ ಆಗಲೇ ಹುಟ್ಟಿರಬೇಕು.

ಮಧ್ಯಾಹ್ನದ ವಿರಾಮದಲ್ಲಿ ನಮ್ಮನ್ನು ತಿದ್ದುವ ಹಿರಿಯ ತೀರ್ಪುಗಾರ್ತಿ ಹಾಳೆಗಳನ್ನು ತೆಗೆದುಕೊಂಡು ಕುಳಿತರು. ನನ್ನ ಹಾಳೆಯನ್ನು ನೋಡಿ, “ಹಿಂದಿನ ಸಾಲಿನ ಎಡಗಡೆ ಗುಂಪಿನಲ್ಲಿ ಏನಾಯಿತು?” ಎಂದು ಕೇಳಿದರು. ನಾನು ಬಾಯಿ ತೆರೆದೆ, ಮುಚ್ಚಿದೆ. “ಆ ಫ್ಲೈಯರ್ ಕಾಲನ್ನು ಸಂಗೀತದ ಲೆಕ್ಕಕ್ಕಿಂತ ಮೊದಲೇ ಬಿಟ್ಟಳು. ಕೆಳಗೆ ಅವಳನ್ನು ಹೊತ್ತು ನಿಂತ ಬೇಸ್ ಎರಡು ಹೆಜ್ಜೆ ಸರಿದಳು. ನೋಡಿದಿರಾ?” ನೋಡಿರಲಿಲ್ಲ. “ಹಾಗಾದರೆ ಈ 8.8ರಲ್ಲಿ ಆ ಗುಂಪಿನ ಪಾಲು ಎಷ್ಟು?” ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವವರಂತೆ ಕೇಳಿದರು. ಅದೇ ನನ್ನನ್ನು ಹೆಚ್ಚು ಕಾಡಿದ್ದು. ನಾನು ನೋಡಿದ್ದು ಒಂದು ಗುಂಪನ್ನು, ಅಂಕ ಕೊಟ್ಟದ್ದು ಐದಕ್ಕೆ. ಉಳಿದ ನಾಲ್ಕನ್ನು ಎಲ್ಲಿಂದ ತುಂಬಿಸಿದೆ?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ತೀರ್ಪಿನ ನ್ಯಾಯದ ಬಗ್ಗೆ ಯಾರು ಏನು ಹೇಳಿದರೂ ನನಗೆ ಆ ಚೌಕವೇ ನೆನಪಾಗುತ್ತದೆ. ಈ ಆಟದಲ್ಲಿ ಅನ್ಯಾಯವಾಯಿತು ಎಂದು ಕೂಗುವವರು ಸಾಮಾನ್ಯವಾಗಿ ಹೇಳುವುದು ತೀರ್ಪುಗಾರರ ಮನಸ್ಸಿನ ಬಗ್ಗೆ: ಅವರಿಗೆ ಇಂಥ ತಂಡವೆಂದರೆ ಪ್ರೀತಿ, ಇಂಥ ಕೋಚ್ ಎಂದರೆ ಆಗದು. ನನಗೀಗ ಮನಸ್ಸಿಗಿಂತ ಕಣ್ಣಿನ ಮೇಲೆ ಅನುಮಾನ.

ಎರಡೂವರೆ ನಿಮಿಷದ ಲೆಕ್ಕ

ಮ್ಯಾಟ್ 54 ಅಡಿ ಅಗಲ, 42 ಅಡಿ ಆಳ. ರೊಟೀನ್ ಹೆಚ್ಚೆಂದರೆ ಎರಡೂವರೆ ನಿಮಿಷ. ಅಷ್ಟರೊಳಗೆ ಸ್ಟಂಟ್, ಪಿರಮಿಡ್, ಬಾಸ್ಕೆಟ್ ಟಾಸ್ (ಒಬ್ಬರನ್ನು ಮೇಲಕ್ಕೆಸೆದು ಹಿಡಿಯುವುದು), ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು), ಜಂಪ್, ನೃತ್ಯ ಎಲ್ಲವೂ ಆಗಬೇಕು. ಅಂತರರಾಷ್ಟ್ರೀಯ ಚಿಯರ್ ಒಕ್ಕೂಟ, ಅಂದರೆ 2004ರಲ್ಲಿ ಹುಟ್ಟಿ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಪಡೆದ ಐಸಿಯು, ತನ್ನ ಟೀಮ್ ಚಿಯರ್ ಹಾಳೆಯಲ್ಲಿ ನೂರು ಅಂಕಗಳನ್ನು ಹಂಚಿರುವುದನ್ನು ನೋಡಿ. ಪಾರ್ಟ್‌ನರ್ ಸ್ಟಂಟ್‌ಗೆ 25, ಪಿರಮಿಡ್‌ಗೆ 25, ಬಾಸ್ಕೆಟ್ ಟಾಸ್‌ಗೆ 15, ಟಂಬ್ಲಿಂಗ್‌ಗೆ 10, ಘೋಷಣೆಯ ಭಾಗಕ್ಕೆ 10, ಒಂದರಿಂದ ಇನ್ನೊಂದಕ್ಕೆ ಸಾಗುವ ಸರಾಗಕ್ಕೆ 5, ಒಟ್ಟಾರೆ ಪ್ರಸ್ತುತಿಗೂ ನೃತ್ಯಕ್ಕೂ ಸೇರಿ 10. ಕಾಗದದ ಮೇಲೆ ಬಹಳ ಸಮಂಜಸವಾದ ಹಂಚಿಕೆ. ಎಲ್ಲ ಅಂಕವೂ ಮುಗುಳ್ನಗೆಗೆ ಹೋಗುತ್ತದೆ ಎಂದು ಹೀಗಳೆಯುವವರು ಒಮ್ಮೆ ಓದಿಕೊಳ್ಳಬೇಕಾದ ಪಟ್ಟಿ.

ಕಷ್ಟವಿರುವುದು ಪಟ್ಟಿಯಲ್ಲಲ್ಲ, ಗಡಿಯಾರದಲ್ಲಿ. ನಾಲ್ವರಂತೆ ಐದು ಗುಂಪುಗಳು ಒಟ್ಟಿಗೆ ಒಂದು ಸ್ಟಂಟ್ ಎತ್ತುತ್ತವೆ ಎಂದುಕೊಳ್ಳಿ. ಫ್ಲೈಯರ್ ಮೇಲೆ ಹೋಗಿ, ಕಾಲನ್ನು ಹಿಡಿದು, ತೋರಿಸಿ, ಬಿಡುವುದಕ್ಕೆ ಕೆಲವೇ ಎಣಿಕೆಗಳು, ಅಂದರೆ ಎರಡು ಮೂರು ಸೆಕೆಂಡು. ಅಷ್ಟರಲ್ಲಿ ನೋಡಬೇಕಾದದ್ದು ಐವರು ಫ್ಲೈಯರ್‌ಗಳ ಮೊಣಕಾಲು ನೆಟ್ಟಗಿದೆಯೇ, ಸೊಂಟ ಬಾಗಿದೆಯೇ, ಹತ್ತು ಮಂದಿ ಬೇಸ್‌ಗಳ ಪಾದ ನೆಲಕ್ಕೆ ಅಂಟಿಕೊಂಡಿದೆಯೇ, ಹಿಂದೆ ನಿಂತ ಐವರು ಬ್ಯಾಕ್‌ಸ್ಪಾಟ್‌ಗಳ ಕೈ ಎಲ್ಲಿದೆ, ಐದೂ ಗುಂಪುಗಳ ಲೆಕ್ಕ ಒಂದೇ ಇದೆಯೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತರೂ ಕಣ್ಣು ಒಂದು ಕ್ಷಣದಲ್ಲಿ ಒಂದೇ ಕಡೆ ನೆಡುವುದು. ಉಳಿದದ್ದೆಲ್ಲ ಅಂಚಿನಲ್ಲಿ ಅಲುಗಾಡುವ ಬಣ್ಣ ಮಾತ್ರ.

ಇನ್ನು ಯಾರಾದರೂ ಬಿದ್ದರಂತೂ ಕೇಳುವುದೇ ಬೇಡ. ತಲೆಯ ಎತ್ತರಕ್ಕಿಂತ ಮೇಲಿನಿಂದ ಹುಡುಗಿಯೊಬ್ಬಳು ಜಾರುತ್ತಿದ್ದರೆ ಮನುಷ್ಯರಾದವರು ಅವಳನ್ನೇ ನೋಡುತ್ತಾರೆ, ನೋಡಲೂ ಬೇಕು. ಆಗ ಉಳಿದ ನಾಲ್ಕು ಗುಂಪುಗಳು ಯಾರ ಕಣ್ಣಿಗೂ ಬೀಳದೆ ಸ್ಟಂಟ್ ಮುಗಿಸುತ್ತವೆ. ಅವು ಚೆನ್ನಾಗಿ ಮಾಡಿದ್ದರೂ ಆ ಬೀಳುವಿಕೆಯ ಕರಿನೆರಳು ಅವುಗಳ ಅಂಕದ ಮೇಲೆ ಬೀಳುತ್ತದೆ, ಕೆಟ್ಟದಾಗಿ ಮಾಡಿದ್ದರೆ ಪಾರಾಗುತ್ತವೆ. ನಮ್ಮ ಪಟ್ಟಿಯಲ್ಲಿ ತೂರಾಡಿದರೆ 0.25, ಬಿದ್ದರೆ 0.75 ಕಡಿತ ಎಂದಿತ್ತು. ಆ ಕಡಿತಗಳನ್ನು ಗುರುತು ಹಾಕಲು ಬೇರೆಯೇ ತೀರ್ಪುಗಾರರಿದ್ದರು, ಅಂಕ ಕೊಡುವವರು ಅದೇ ತಪ್ಪಿಗೆ ಮತ್ತೊಮ್ಮೆ ದಂಡ ಹಾಕಬಾರದೆಂಬ ಸೂಚನೆಯೂ ಇತ್ತು. ಆದರೆ ಬಿದ್ದದ್ದನ್ನು ಕಂಡ ಮೇಲೆ ಕಾಣದವರಂತೆ ಬರೆಯುವುದು ಹೇಗೆ? ನಾನಂತೂ ಪ್ರಯತ್ನಿಸಿ ಸೋತಿದ್ದೇನೆ.

ಖಾಲಿ ಜಾಗವನ್ನು ತುಂಬುವುದು ಯಾರು

ಕಾಣದೇ ಹೋದದ್ದಕ್ಕೂ ಅಂಕ ಬರೆಯಲೇಬೇಕು ಎಂದಾದಾಗ ಮನಸ್ಸು ಕೈಗೆ ಸಿಕ್ಕಿದ್ದನ್ನು ತಂದು ಅಲ್ಲಿ ತುರುಕುತ್ತದೆ. ಮೊದಲು ಸಿಗುವುದು ಹೆಸರು. ಮುಖ ನೋಡಿ ಮಣೆ ಹಾಕುವುದು ಎಂಬ ಮಾತನ್ನು ನಾವು ಬೈಗುಳದಂತೆ ಬಳಸುತ್ತೇವೆ, ಬೇಕೆಂದೇ ಮಾಡುವ ಕೃತ್ಯವೆಂಬಂತೆ. ನಾನು ಬೇಕೆಂದು ಮಾಡಿರಲಿಲ್ಲ. ಕಳೆದ ವರ್ಷ ಗೆದ್ದವರ ಹಿಂದಿನ ಸಾಲೂ ಎದುರಿನ ಸಾಲಿನಂತೆಯೇ ಇರುತ್ತದೆ ಎಂದು ನನ್ನ ತಲೆ ತಾನಾಗಿಯೇ ಊಹಿಸಿಕೊಂಡಿತ್ತು. ಅದೇ ಬೆಳಿಗ್ಗೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ತಂಡದ ಎದುರಿನ ಗುಂಪು ಅಷ್ಟೇ ಗಟ್ಟಿಯಾಗಿ ನಿಂತಾಗ ನಾನು 8.3 ಕೊಟ್ಟಿದ್ದೆ. ಅಲ್ಲಿಯೂ ಹಿಂದಿನ ಸಾಲನ್ನು ನೋಡಿರಲಿಲ್ಲ. ಆದರೆ ಅಲ್ಲಿ ನನ್ನ ತಲೆ ಎಚ್ಚರಿಕೆಯಿಂದ ಊಹಿಸಿತು. ಎರಡು ಊಹೆಗಳ ನಡುವಿನ ವ್ಯತ್ಯಾಸ ಅರ್ಧ ಅಂಕ. ಅಷ್ಟರಲ್ಲಿ ಪದಕಗಳೇ ಅದಲುಬದಲಾಗುತ್ತವೆ.

ಎರಡನೆಯದು ಸರದಿ. ಬೆಳಿಗ್ಗೆ ಮೊದಲು ಬಂದವರಿಗೆ ಕೊಡುವಾಗ ಕೈ ಬಿಗಿ, ಮುಂದೆ ಇನ್ನೂ ಒಳ್ಳೆಯವರು ಬಂದರೆ ಜಾಗ ಬೇಕಲ್ಲ ಎಂಬ ಭಯ. ಫಿಗರ್ ಸ್ಕೇಟಿಂಗ್, ಯೂರೋವಿಷನ್ ಗಾಯನ ಸ್ಪರ್ಧೆ, ಬೆಲ್ಜಿಯಂನ ಕ್ವೀನ್ ಎಲಿಸಬೆತ್ ಪಿಯಾನೋ ಸ್ಪರ್ಧೆ ಇವುಗಳ ಫಲಿತಾಂಶಗಳನ್ನು ಕೆದಕಿದ ಸಂಶೋಧಕರಿಗೆ ಕಂಡದ್ದು ಇದೇ: ತಡವಾಗಿ ವೇದಿಕೆಗೆ ಬಂದವರಿಗೆ ಸರಾಸರಿಯಲ್ಲಿ ಲಾಭ. ಚೀಟಿ ಎತ್ತಿ ಸರದಿ ನಿರ್ಧರಿಸಿದಾಗಲೂ ಹೀಗೆಯೇ. ನಮ್ಮಲ್ಲಿ ಇದಕ್ಕೆ ಇನ್ನೊಂದು ಒಗ್ಗರಣೆ ಇದೆ. ಎರಡು ದಿನದ ಸ್ಪರ್ಧೆಗಳಲ್ಲಿ ಕೆಲವೆಡೆ ಮೊದಲ ದಿನ ಹಿಂದುಳಿದವರನ್ನು ಎರಡನೆಯ ದಿನ ಮೊದಲು ಕಳುಹಿಸುತ್ತಾರೆ, ಮುಂದಿದ್ದವರನ್ನು ಕೊನೆಗೆ. ನೋಡುಗರಿಗೆ ರೋಚಕ ನಿಜ. ತೀರ್ಪುಗಾರರಿಗೆ ಮಾತ್ರ ಅದು ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರವನ್ನೂ ಕೊಟ್ಟಂತೆ.

ಮೂರನೆಯದು ಅಂಕಗಳ ಇಕ್ಕಟ್ಟು. ಹತ್ತಕ್ಕೆ ಅಂಕ ಎಂದು ಹೇಳುತ್ತೇವೆ, ಆದರೆ ಐದು, ಆರು ಕಂಡವರಿಲ್ಲ. ಸ್ಪರ್ಧೆ ನಡೆಸುವವರಿಗೆ ತಂಡಗಳು ಶುಲ್ಕ ಕಟ್ಟಿ ಬರುವ ಗ್ರಾಹಕರೂ ಹೌದು. 5.5 ಪಡೆದು ಮನೆಗೆ ಹೋದ ಮಕ್ಕಳ ತಂಡ ಮುಂದಿನ ವರ್ಷ ಬರುವುದಿಲ್ಲ. ಹೀಗಾಗಿ ಎಲ್ಲರೂ ಎಂಟರಿಂದ ಒಂಬತ್ತೂವರೆಯ ನಡುವೆ ಒತ್ತಿಕೊಂಡು ಕುಳಿತಿರುತ್ತಾರೆ. ಹತ್ತು ಮೆಟ್ಟಿಲಿನ ಏಣಿಯಲ್ಲಿ ಮೇಲಿನ ಒಂದೂವರೆ ಮೆಟ್ಟಿಲನ್ನು ಮಾತ್ರ ಬಳಸಿದರೆ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿಯಲೇಬೇಕು. ಒಳ್ಳೆಯತನದಿಂದ ಕೊಟ್ಟ ಹೆಚ್ಚುವರಿ ಅಂಕವೇ ಕೊನೆಗೆ ಸೊನ್ನೆ ಬಿಂದು ಐದನ್ನು ಬಂಡೆಯಷ್ಟು ಭಾರ ಮಾಡುತ್ತದೆ.

ಹಾಗೆಂದು ಮೋಸವೇ ಇಲ್ಲವೆನ್ನಲಾರೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಜೋಡಿ ವಿಭಾಗದ ತೀರ್ಪು ಒತ್ತಡದಿಂದ ಬಂದದ್ದೆಂಬ ಆರೋಪವೆದ್ದು, ರಷ್ಯಾದ ಜೋಡಿಯ ಜೊತೆಗೆ ಕೆನಡಾದ ಜೋಡಿಗೂ ಚಿನ್ನ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ನಂತರ ಆ ಕ್ರೀಡೆ ಆರು ಅಂಕದ ಹಳೆಯ ಪದ್ಧತಿಯನ್ನೇ ಕಿತ್ತುಹಾಕಿತು, ಯಾವ ಅಂಕ ಯಾರು ಕೊಟ್ಟರೆಂದು ತಿಳಿಯದಂತೆ ಹೆಸರುಗಳನ್ನು ಮರೆಮಾಡಿತು. ಒತ್ತಡ ಹಾಕುವವರಿಗೆ ದಾರಿ ಮುಚ್ಚುತ್ತದೆ ಎಂಬ ಲೆಕ್ಕಾಚಾರ. ಆದರೆ ಪ್ರಶ್ನೆ ಕೇಳುವವರಿಗೂ ದಾರಿ ಮುಚ್ಚಿತು. 2016ರಲ್ಲಿ ಅವರೇ ಆ ಮುಸುಕನ್ನು ತೆಗೆದುಹಾಕಲು ನಿರ್ಧರಿಸಿದರು. ಕಳ್ಳನನ್ನು ಹಿಡಿಯಲು ಮಾಡಿದ ಏರ್ಪಾಡಿನಿಂದ ಕಣ್ಣಿನ ದೋಷ ವಾಸಿಯಾಗುವುದಿಲ್ಲ. ಚಿಯರ್‌ಲೀಡಿಂಗ್‌ನಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು.

ಮಣಿಕಟ್ಟಿಗೆ ಟೇಪ್ ಸುತ್ತಿದ್ದ ಹುಡುಗಿ

ಇನ್ನೊಂದು ಸ್ಪರ್ಧೆಯಲ್ಲಿ, ಬಹುಮಾನ ಹಂಚಿಕೆ ಮುಗಿದು ಮ್ಯಾಟ್‌ಗಳನ್ನು ಸುರುಳಿ ಸುತ್ತುತ್ತಿದ್ದಾಗ, ಒಬ್ಬಳು ಹುಡುಗಿ ನನ್ನ ಬಳಿ ಬಂದಳು. ನನ್ನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿ ನಾನೂ ತೀರ್ಪುಗಾರಳೆಂದು ತಿಳಿದಿದ್ದಳು. ಹದಿನಾಲ್ಕು ಹದಿನೈದು ಇರಬಹುದು. ಎರಡೂ ಮಣಿಕಟ್ಟಿಗೆ ಬಿಳಿ ಟೇಪ್, ಬಲಗೈಯದು ಬೆವರಿಗೆ ಅಂಚು ಬಿಟ್ಟು ಸುರುಳಿಯಾಗಿತ್ತು. ಮಾತನಾಡುವಾಗೆಲ್ಲ ಆ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಳು, ಅದು ಮತ್ತೆ ಏಳುತ್ತಿತ್ತು. ಅವಳ ಕೈಯಲ್ಲಿ ಕೋಚ್ ಕೊಟ್ಟಿದ್ದ ಅಂಕಪಟ್ಟಿಯ ಪ್ರತಿ ಇತ್ತು.

“ಮೇಡಂ, ಇದರಲ್ಲಿ ‘ಸ್ಟಂಟ್ ತಂತ್ರ ಸುಧಾರಿಸಬೇಕು’ ಎಂದು ಬರೆದಿದ್ದಾರೆ. ಯಾವ ಗುಂಪು?”

ನಾನು ಹಾಳೆಯನ್ನು ನೋಡಿದೆ. ಅಷ್ಟೇ ಇತ್ತು. ಮೂರು ಪದ, ಪಕ್ಕದಲ್ಲಿ ಒಂದು ದಶಮಾಂಶ.

“ನಾನು ಬಲಗಡೆ ಬೇಸ್. ನನ್ನ ಹಿಡಿತ ತಪ್ಪಿತೆಂದು ನನಗೆ ಗೊತ್ತು. ಫ್ಲೈಯರ್ ಪಾದ ತಿರುಗಿತು, ನಾನು ಬೆರಳು ಬದಲಾಯಿಸಿ ಹಿಡಿದೆ. ಅದಕ್ಕೇ ಹೋಯಿತೇ? ಅಥವಾ ಬೇರೆಯವರದೇ?”

ನನ್ನಲ್ಲಿ ಉತ್ತರವಿರಲಿಲ್ಲ. ಬರೆದ ತೀರ್ಪುಗಾರರಲ್ಲಿಯೂ ಇರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆ ಹುಡುಗಿಯ ಪ್ರಶ್ನೆಯಲ್ಲಿ ದೂರಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಕ ಕಡಿಮೆಯಾಯಿತೆಂದು ಅವಳು ಬಂದಿರಲಿಲ್ಲ. ಇಡೀ ಗುಂಪು ಬೀಳದಂತೆ ತನ್ನ ಬೆರಳುಗಳಲ್ಲಿ ನಡೆದ ಆ ಅರ್ಧ ಸೆಕೆಂಡಿನ ರಕ್ಷಣಾಕಾರ್ಯವನ್ನು ಯಾರಾದರೂ ಕಂಡರೇ ಎಂದು ತಿಳಿಯಲು ಬಂದಿದ್ದಳು. ತಪ್ಪೆಂದು ಹೇಳಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಬೇಸ್‌ಗಳ ಪಾಡೇ ಇಷ್ಟು. ಎಲ್ಲರ ಕಣ್ಣೂ ಮೇಲಿರುತ್ತದೆ, ಕೆಲಸ ಕೆಳಗೆ ನಡೆಯುತ್ತಿರುತ್ತದೆ. “ಚೆನ್ನಾಗಿ ಹಿಡಿದೆಯಮ್ಮಾ” ಎಂದೆ. ನಾನೂ ನೋಡಿರಲಿಲ್ಲವೆಂದು ಅವಳಿಗೆ ತಿಳಿಯಿತು. ಥ್ಯಾಂಕ್ಸ್ ಹೇಳಿ, ಟೇಪನ್ನು ಕಿತ್ತು ಉಂಡೆ ಮಾಡಿ ಕಿಸೆಗೆ ಹಾಕಿಕೊಂಡು ಹೋದಳು.

ದಶಮಾಂಶದ ಮಾಯೆ

ನೋಡದೇ ಹೋದ ಒಂದು ಸಂಗತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ಮನೆಯಂತಿರುವ ಜಿಮ್ನಾಸ್ಟಿಕ್ಸ್‌ನಲ್ಲಿ ಒಂದು ಪ್ರಸಂಗವಿದೆ. 2004ರ ಅಥೆನ್ಸ್ ಒಲಿಂಪಿಕ್ಸ್. ಪುರುಷರ ಆಲ್‌ರೌಂಡ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಯಾಂಗ್ ತೇ ಯಂಗ್ ಪ್ಯಾರಲಲ್ ಬಾರ್ಸ್ ಮೇಲೆ ಮಾಡಿದ್ದು 10.0 ಆರಂಭಿಕ ಮೌಲ್ಯದ ರೊಟೀನ್, ಅಂದರೆ ತಪ್ಪಿಲ್ಲದೆ ಮಾಡಿದರೆ ಹೆಚ್ಚೆಂದರೆ ಅಷ್ಟು ಅಂಕ ಸಿಗಬಹುದಾದದ್ದು. ತೀರ್ಪುಗಾರರು ಅದನ್ನು 9.9 ಎಂದು ಎಣಿಸಿಬಿಟ್ಟರು. ಕೊನೆಗೆ ಚಿನ್ನ ಗೆದ್ದ ಅಮೆರಿಕದ ಪಾಲ್ ಹ್ಯಾಮ್‌ಗೆ 57.823, ಕಂಚಿಗೆ ನಿಂತ ಯಾಂಗ್‌ಗೆ 57.774. ಆ 0.1 ಸಿಕ್ಕಿದ್ದರೆ ಪಟ್ಟಿ ತಲೆಕೆಳಗಾಗುತ್ತಿತ್ತು. ಮೂವರು ತೀರ್ಪುಗಾರರು ಅಮಾನತಾದರು, ಫಲಿತಾಂಶ ಬದಲಾಗಲಿಲ್ಲ. ಕಥೆ ಇಲ್ಲಿಗೇ ನಿಂತಿದ್ದರೆ ಸುಲಭವಾಗಿತ್ತು. ಆದರೆ ವಿಡಿಯೋ ನೋಡಿದವರು ಇನ್ನೊಂದನ್ನೂ ಎತ್ತಿ ತೋರಿಸಿದರು: ಅದೇ ರೊಟೀನಿನಲ್ಲಿ ಯಾಂಗ್ ನಿಯಮಕ್ಕಿಂತ ಒಂದು ನಿಲುಗಡೆ ಹೆಚ್ಚು ಮಾಡಿದ್ದರು, ಅದಕ್ಕೆ ಬೀಳಬೇಕಾದ ಕಡಿತ ಬಿದ್ದಿರಲಿಲ್ಲ. ಎಂದರೆ ಒಂದೇ ರೊಟೀನಿನಲ್ಲಿ ಅವರಿಗೆ ನಷ್ಟ ತಂದ ಒಂದು ಕಣ್ತಪ್ಪು, ಲಾಭ ತಂದ ಇನ್ನೊಂದು ಕಣ್ತಪ್ಪು. ಯಾವುದನ್ನು ಸರಿಪಡಿಸುವುದು ನ್ಯಾಯ? ಅದೂ ಮ್ಯಾಟ್ ಮೇಲೆ ಒಬ್ಬನೇ ಇರುವ ಆಟದಲ್ಲಿ. ನಮ್ಮಲ್ಲಿ ಇಪ್ಪತ್ತು ಜನ.

ಮೇಲ್ಮನವಿಯನ್ನು ನಾನು ಹೆಚ್ಚು ನಂಬದಿರುವುದು ಇದಕ್ಕೇ. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಜೋರ್ಡನ್ ಚೈಲ್ಸ್ ಅವರ ಫ್ಲೋರ್ ಅಂಕ ಕೋಚ್ ಪ್ರಶ್ನಿಸಿದ ಮೇಲೆ 13.666ರಿಂದ 13.766ಕ್ಕೆ ಏರಿ ಕಂಚು ಬಂತು. ಆಮೇಲೆ ಕ್ರೀಡಾ ನ್ಯಾಯಮಂಡಳಿ ಆ ಪ್ರಶ್ನೆ ಒಂದು ನಿಮಿಷದ ಗಡುವಿಗಿಂತ ನಾಲ್ಕು ಸೆಕೆಂಡು ತಡವಾಯಿತೆಂದು ಹೇಳಿ ಹಳೆಯ ಅಂಕವನ್ನೇ ಎತ್ತಿಹಿಡಿಯಿತು, ಪದಕ ರೊಮೇನಿಯಾದ ಆನಾ ಬಾರ್ಬೊಸು ಪಾಲಾಯಿತು. ಅಂಕದ ತಕರಾರಿಗೆ ಕಾರಣವಾದ ಅಂಶವನ್ನು ಚೈಲ್ಸ್ ಸರಿಯಾಗಿ ಮಾಡಿದ್ದರೇ ಇಲ್ಲವೇ ಎಂಬ ಮೂಲ ಪ್ರಶ್ನೆ ಗಡಿಯಾರದ ಮುಳ್ಳಿಗೆ ಸಿಕ್ಕಿ ಎತ್ತಲೋ ಹೋಯಿತು. ಕಡಿತಗಳಂಥ ಹೌದು-ಇಲ್ಲ ಸಂಗತಿಗಳಿಗೆ ವಿಡಿಯೋ ನೋಡಿ ತಿದ್ದುವುದು ಇರಲಿ, ಬೇಕು. ಆದರೆ 8.8 ಸರಿಯೋ 8.6 ಸರಿಯೋ ಎಂದು ವಾದಿಸಲು ಅವಕಾಶ ಕೊಟ್ಟರೆ ಗೆಲ್ಲುವುದು ಚೆನ್ನಾಗಿ ಸ್ಟಂಟ್ ಮಾಡಿದವರಲ್ಲ, ಚೆನ್ನಾಗಿ ಮಾತನಾಡುವ ಕೋಚ್.

ಇಲ್ಲಿ ನನ್ನದೊಂದು ಅಪ್ರಿಯ ಅಭಿಪ್ರಾಯ ಹೇಳಿಬಿಡುತ್ತೇನೆ. ಎರಡು ತಂಡಗಳ ನಡುವೆ 0.05 ಅಂತರವಿದ್ದರೆ ಇಬ್ಬರನ್ನೂ ಸಮ ಎಂದು ಘೋಷಿಸಬೇಕು. ತಕ್ಕಡಿಯ ಮುಳ್ಳೇ ಅಷ್ಟು ಅಲ್ಲಾಡುವಾಗ ಗುಲಗಂಜಿಯ ತೂಕ ಹೇಳುವುದು ಧೈರ್ಯವಲ್ಲ, ಸೋಗು. ಇದನ್ನು ಹೇಳಿದಾಗ ಒಬ್ಬ ಆಯೋಜಕರು ನಕ್ಕು, “ಹಾಗಾದರೆ ಟ್ರೋಫಿ ಎಷ್ಟು ಮಾಡಿಸುವುದು?” ಎಂದರು. ಹೇಗಿದ್ದರೂ ವಿಭಾಗದ ಮೇಲೆ ವಿಭಾಗ ಮಾಡಿ ಟ್ರೋಫಿ ಹಂಚುವ ಜನರೇ ಅವರು, ಇರಲಿ.

ಕಣ್ಣುಗಳನ್ನು ಹಂಚುವುದು

ಜಿಮ್ನಾಸ್ಟಿಕ್ಸ್ ಅಥೆನ್ಸ್‌ನಿಂದ ಕಲಿತ ಪಾಠ ದೊಡ್ಡದು. 2006ರಿಂದ ಕಷ್ಟದ ಮಟ್ಟವನ್ನು ಎಣಿಸುವ ತೀರ್ಪುಗಾರರು ಬೇರೆ, ಅಚ್ಚುಕಟ್ಟುತನವನ್ನು ನೋಡುವವರು ಬೇರೆ. ಎರಡನೆಯವರ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಚಿಯರ್‌ಲೀಡಿಂಗ್‌ನಲ್ಲಿಯೂ ದೊಡ್ಡ ಸ್ಪರ್ಧೆಗಳಲ್ಲಿ ಎತ್ತುವ ಕೆಲಸಕ್ಕೊಂದು, ಟಂಬ್ಲಿಂಗ್‌ಗೊಂದು, ಒಟ್ಟು ಪರಿಣಾಮಕ್ಕೊಂದು ಎಂದು ಮೇಜುಗಳನ್ನು ಬೇರ್ಪಡಿಸುವುದುಂಟು. ಒಳ್ಳೆಯದೇ. ಆದರೆ ಈ ಹಂಚಿಕೆ ನಡೆದಿರುವುದು ಕೌಶಲದ ಹೆಸರಿನಲ್ಲಿ, ನೋಟದ ಹೆಸರಿನಲ್ಲಲ್ಲ. ಸ್ಟಂಟ್ ಮೇಜಿನಲ್ಲಿ ಇಬ್ಬರಿದ್ದರೆ ಇಬ್ಬರೂ ಎದುರಿನ ನಡುಗುಂಪನ್ನೇ ನೋಡುತ್ತಾರೆ, ಯಾಕೆಂದರೆ ನೃತ್ಯ ಸಂಯೋಜಕರು ತಮ್ಮ ಅತ್ಯುತ್ತಮ ಗುಂಪನ್ನು ಅಲ್ಲೇ ನಿಲ್ಲಿಸಿರುತ್ತಾರೆ. ಒಂದೇ ಚಿತ್ರವನ್ನು ಇಬ್ಬರು ನೋಡಿ ಒಂದೇ ಅಂಕ ಕೊಟ್ಟರೆ ಅದನ್ನು ಸಹಮತ ಎಂದು ಹೊಗಳುತ್ತೇವೆ. ಇಬ್ಬರೂ ಒಟ್ಟಿಗೆ ಕುರುಡರಾಗಿದ್ದರೂ ಸಹಮತವೇ ಬರುತ್ತದೆ.

ನನಗೆ ಬೇಕಾದದ್ದು ಇಷ್ಟು: ನೀನು ಎಡ ಹಿಂಭಾಗ, ನೀನು ಬಲ ಹಿಂಭಾಗ, ನೀನು ನಡು ಎಂದು ಜಾಗ ಹಂಚಿಕೊಂಡು ಕೂರುವುದು. ಕಷ್ಟದ ಮಟ್ಟವನ್ನು ತಂಡವೇ ಮೊದಲು ಬರೆದುಕೊಡಲಿ, ತೀರ್ಪುಗಾರರು ಅದನ್ನು ಮಾಡಿದರೋ ಇಲ್ಲವೋ ಎಂದಷ್ಟೇ ಗುರುತು ಹಾಕಲಿ. ಆಗ ‘ಇದು ಯಾವ ಮಟ್ಟದ ಸ್ಟಂಟ್’ ಎಂದು ನೆನಪಿಸಿಕೊಳ್ಳುವ ಕೆಲಸದಿಂದ ಕಣ್ಣಿಗೆ ಬಿಡುವು ಸಿಗುತ್ತದೆ. ಜೊತೆಗೆ ಹಾಳೆಯ ಪ್ರತಿ ಚೌಕದ ಪಕ್ಕದಲ್ಲಿ ಒಂದು ಸಣ್ಣ ಚೌಕ ಇರಲಿ: ‘ನೋಡಲಿಲ್ಲ’. ಅಲ್ಲಿ ಗುರುತು ಬಿದ್ದ ಗುಂಪನ್ನು ಅಂಕ ಪ್ರಕಟಿಸುವ ಮೊದಲು ಮತ್ತೊಬ್ಬರು ವಿಡಿಯೋದಲ್ಲಿ ನೋಡಲಿ. ವೇಳಾಪಟ್ಟಿ ಸ್ವಲ್ಪ ಹಿಗ್ಗುತ್ತದೆ, ಹಿಗ್ಗಲಿ. ಈ ಸಲಹೆಯನ್ನು ನಾನು ಒಬ್ಬ ಅನುಭವಿ ತೀರ್ಪುಗಾರರ ಮುಂದೆ ಇಟ್ಟಾಗ ಅವರು, “ಯಾರೂ ಅದನ್ನು ಗುರುತು ಮಾಡುವುದಿಲ್ಲ, ಮರ್ಯಾದೆಯ ಪ್ರಶ್ನೆ” ಎಂದರು. ಇರಬಹುದು. ಆದರೆ ಆ ಚೌಕ ಇಲ್ಲದಿರುವಾಗ ನಾವು ಕಾಣದ್ದನ್ನು ಕಂಡೆವೆಂದು ಸಹಿ ಹಾಕಿಕೊಡುತ್ತಿದ್ದೇವೆ. ಅದರಲ್ಲಿ ಯಾವ ಮರ್ಯಾದೆಯಿದೆಯೋ ನನಗೆ ಹೊಳೆಯುವುದಿಲ್ಲ.

ಇಡೀ ಸಮಸ್ಯೆಯನ್ನು ಬುಡದಿಂದಲೇ ಬೇರೆ ರೀತಿ ಬಿಡಿಸಿದ ಒಂದು ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಅದಕ್ಕೆ ಹಿನ್ನೆಲೆಯಾಗಿ ನಿಂತದ್ದು ನ್ಯಾಯಾಲಯದ ತೀರ್ಪು. 2010ರಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶರು, ಶಿಕ್ಷಣದಲ್ಲಿ ಲಿಂಗ ಸಮಾನತೆಯ ಕಾನೂನಿನ ಲೆಕ್ಕಕ್ಕೆ ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಅನ್ನು ಇನ್ನೂ ಕ್ರೀಡೆಯೆಂದು ಪರಿಗಣಿಸಲಾಗದು ಎಂದರು. ಕಾರಣಗಳಲ್ಲಿ ಒಂದು ನಮಗೆ ನೇರವಾಗಿ ನಾಟುವಂಥದು: ಆ ತಂಡ ಒಂದೇ ಋತುವಿನಲ್ಲಿ ಆಡಿದ ಹತ್ತು ಸ್ಪರ್ಧೆಗಳಲ್ಲಿ ಐದು ಬೇರೆ ಬೇರೆ ಅಂಕ ಪದ್ಧತಿಗಳಿದ್ದವು. ಅಳತೆಗೋಲೇ ಊರಿಗೊಂದಾದರೆ ಓಟವನ್ನು ಓಟವೆನ್ನುವುದು ಹೇಗೆ? ಮರುವರ್ಷದ ಹೊತ್ತಿಗೆ ‘ಸ್ಟಂಟ್’ ಎಂಬ ಹೆಸರಿನದೇ ಒಂದು ಹೊಸ ಆಟ ಕಣಕ್ಕಿಳಿಯಿತು. ಇಲ್ಲಿ ಎರಡು ತಂಡಗಳು ಅಕ್ಕಪಕ್ಕ ನಿಂತು, ಮೊದಲೇ ಗೊತ್ತುಮಾಡಿದ ಒಂದೇ ರೊಟೀನನ್ನು, ಒಂದೇ ಸಮಯದಲ್ಲಿ ಮಾಡುತ್ತವೆ. ಅದಾದ ಕೂಡಲೇ ಯಾರು ಚೆನ್ನಾಗಿ ಮಾಡಿದರೋ ಅವರಿಗೆ ಪಾಯಿಂಟ್. ನಾಲ್ಕು ಕ್ವಾರ್ಟರ್‌ಗಳು. ಜಂಪ್‌ಗಳೇ ಬೇರೆ, ಪಿರಮಿಡ್‌ಗಳೇ ಬೇರೆ, ಒಂದರ ಗದ್ದಲದಲ್ಲಿ ಇನ್ನೊಂದು ಕಳೆದುಹೋಗುವುದಿಲ್ಲ.

ಮೊದಲ ಬಾರಿ ಅದನ್ನು ನೋಡಿದಾಗ ನನಗೆ ತೀರ್ಪುಗಾರರ ಮೇಲೆ ಅಸೂಯೆಯಾಯಿತು. ‘ಇದು ಹತ್ತಕ್ಕೆ ಎಷ್ಟು’ ಎಂಬುದು ಉತ್ತರವಿಲ್ಲದ ಪ್ರಶ್ನೆ, ‘ಇವೆರಡರಲ್ಲಿ ಯಾವುದು ನೆಟ್ಟಗಿದೆ’ ಎಂಬುದು ಮಗುವೂ ಉತ್ತರಿಸಬಹುದಾದದ್ದು. ಬೆಳಗಿನ ಬಿಗಿ ಕೈ, ಸಂಜೆಯ ಸಡಿಲ ಕೈ, ಎಂಟರಿಂದ ಒಂಬತ್ತೂವರೆಯ ಇಕ್ಕಟ್ಟು ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ಆದರೆ ನಿಜ ಹೇಳಬೇಕೆಂದರೆ, ಒಂದು ಗಂಟೆಯ ನಂತರ ನನಗೆ ಆಕಳಿಕೆ ಬಂತು. ಎಲ್ಲರೂ ಒಂದೇ ಮಾಡಬೇಕಾದಲ್ಲಿ ಯಾರೂ ಏನನ್ನೂ ಕಂಡುಹಿಡಿಯುವುದಿಲ್ಲ. ಚಿಯರ್‌ಲೀಡಿಂಗ್‌ನಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಪಿರಮಿಡ್ ಒಂದು ಕಡೆ ಕುಸಿಯುತ್ತಿದೆ ಎಂದು ನಾವು ಬೆಚ್ಚಿದಾಗ ಅದು ಇನ್ನೊಂದು ಆಕಾರವಾಗಿ ಏಳುವ ಆ ತುಂಟತನ. ಅದಕ್ಕೆ ಮೊದಲೇ ಅಚ್ಚಾದ ರೊಟೀನಿನಲ್ಲಿ ಜಾಗವಿಲ್ಲ.

ಬಿಗಿಯಾದ ಹಾಳೆಗೂ ಇದೇ ಶಾಪ. ಯಾವ ಸ್ಟಂಟ್‌ಗೆ ಎಷ್ಟು, ಎಷ್ಟು ಗುಂಪು ಮಾಡಿದರೆ ಎಷ್ಟು ಎಂದು ಪಟ್ಟಿ ಖಚಿತವಾದಷ್ಟೂ ಕೋಚ್‌ಗಳು ಪಟ್ಟಿಯನ್ನೇ ರೊಟೀನ್ ಮಾಡುತ್ತಾರೆ. ತಂಡ ಬದಲಾಗುತ್ತದೆ, ಸಂಗೀತ ಬದಲಾಗುತ್ತದೆ, ಒಳಗಿನದು ಅದೇ. ತಪ್ಪು ಅವರದಲ್ಲ, ಪರೀಕ್ಷೆಗೆ ಬರುವುದನ್ನೇ ಓದುವ ಮಕ್ಕಳನ್ನು ಬೈದು ಏನು ಪ್ರಯೋಜನ. ಆದ್ದರಿಂದ ಪ್ರಸ್ತುತಿಗೆಂದು ಇರುವ ಆ ಹತ್ತು ಅಂಕವನ್ನು ಅಳೆಯಲಾಗದು ಎಂಬ ಕಾರಣಕ್ಕೆ ತೆಗೆದುಹಾಕಬೇಕೆನ್ನುವವರ ಜೊತೆ ನಾನಿಲ್ಲ. ಅದು ಅಭಿರುಚಿಯ ಅಂಕ, ಹಾಗೆಂದೇ ಒಪ್ಪಿಕೊಂಡು ಕೊಡೋಣ. ಯಾರ ಅಭಿರುಚಿ ಎಂಬುದು ಹೆಸರಿನೊಂದಿಗೆ ಹೊರಗೆ ಬರಲಿ, ಅಷ್ಟು ಸಾಕು. ಅಭಿರುಚಿಯನ್ನು ತಂತ್ರದ ಚೌಕದಲ್ಲಿ ಬಚ್ಚಿಡುವುದು ಬೇಡ. ನನ್ನ 8.8 ಮಾಡಿದ್ದು ಅದನ್ನೇ.

ಯಂತ್ರಗಳ ಮಾತೂ ಬರುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಫುಜಿತ್ಸು ಕಂಪನಿಯ ಏರ್ಪಾಡು 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಿಂದ ತೀರ್ಪುಗಾರರಿಗೆ ನೆರವಾಗುತ್ತಿದೆ. ಕೀಲುಗಳ ಕೋನವನ್ನು ಅದು ಅಳೆದು ತೋರಿಸುತ್ತದೆ. ಆದರೆ ಅಲ್ಲಿ ಬಯಲಿನಲ್ಲಿ ಒಬ್ಬರ ದೇಹ. ಇಲ್ಲಿ ಒಬ್ಬರ ಹಿಂದೆ ಒಬ್ಬರು, ಒಬ್ಬರ ಅಂಗೈಯಲ್ಲಿ ಇನ್ನೊಬ್ಬರ ಪಾದ. ಟೇಪ್ ಸುತ್ತಿದ್ದ ಆ ಹುಡುಗಿಯ ಬೆರಳುಗಳು ಯಾವ ಕ್ಯಾಮೆರಾಕ್ಕೂ ಸುಲಭವಾಗಿ ಸಿಗಲಾರವು. ಸಿಕ್ಕ ದಿನ ನಾನು ಸಂತೋಷದಿಂದ ಪೆನ್ಸಿಲ್ ಕೆಳಗಿಡುತ್ತೇನೆ.

ಕಳೆದ ಸ್ಪರ್ಧೆಯಲ್ಲಿ ನಾನು ಮತ್ತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹಿರಿಯ ತೀರ್ಪುಗಾರ್ತಿಯ ಅನುಮತಿ ಪಡೆದು, ಆ ಒಂದು ದಿನ ಹಿಂಭಾಗದ ಎಡಗಡೆ ಗುಂಪನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಡುವಿನಲ್ಲಿ ಏನೋ ಆಯಿತು, ಗ್ಯಾಲರಿ ‘ಓ’ ಎಂದಿತು, ಕುತ್ತಿಗೆ ತಿರುಗದಂತೆ ತಡೆದುಕೊಳ್ಳುವುದೇ ಸಾಹಸವಾಯಿತು. ಆದರೆ ಅದುವರೆಗೆ ಕಾಣದ್ದೆಲ್ಲ ಕಂಡಿತು. ಬ್ಯಾಕ್‌ಸ್ಪಾಟ್ ತುಟಿಯಲ್ಲೇ ಲೆಕ್ಕ ಹೇಳುತ್ತಿದ್ದಳು, ಐದು, ಆರು, ಏಳು. ಏಳಕ್ಕೆ ಎಡಗಡೆ ಬೇಸ್ ಮೊಣಕಾಲನ್ನು ಒಂದಿಷ್ಟು ಬಗ್ಗಿಸಿ ಭಾರ ತೆಗೆದುಕೊಂಡಳು. ಫ್ಲೈಯರ್ ಬಲಕ್ಕೆ ವಾಲಿದ್ದು, ಕೆಳಗಿನವರು ಅದಕ್ಕೆ ಮೊದಲೇ ಬಲಕ್ಕೆ ಒರಗಿದ್ದು, ಮೇಲಿದ್ದವಳ ನಗು ಒಂದು ಗಳಿಗೆ ಬಿಗಿದು ಮತ್ತೆ ಅರಳಿದ್ದು. ಹಾಳೆಯ ಅಂಚಿನಲ್ಲಿ ಅಷ್ಟನ್ನೂ ಗೀಚಿಕೊಂಡೆ. ಆ ಗುಂಪಿಗೆ 8.4 ಕೊಟ್ಟೆ, ಯಾಕೆಂದು ಕೇಳಿದ್ದರೆ ಬೆರಳು ಮಡಚಿ ಹೇಳುತ್ತಿದ್ದೆ. ಉಳಿದ ನಾಲ್ಕು ಗುಂಪುಗಳ ಮುಂದೆ ಪೆನ್ಸಿಲ್‌ನಲ್ಲಿ ನಾನೇ ಒಂದೊಂದು ಸಣ್ಣ ಚೌಕ ಬರೆದು, ಗುರುತು ಹಾಕಿದೆ.

ವಿರಾಮದಲ್ಲಿ ಅವರು ಹಾಳೆಯನ್ನು ತಿರುಗಿಸಿ ನೋಡಿದರು, ಕನ್ನಡಕ ಮೇಲೇರಿಸಿದರು. “ಈ ನಾಲ್ಕು ಚೌಕ ಎಲ್ಲಿಂದ ಬಂದವು?” ಎಂದು ಕೇಳಿ, ನಾನು ಹೇಳುವ ಮೊದಲೇ ತಮ್ಮ ಸ್ವಂತ ಹಾಳೆಯನ್ನು ಎಳೆದುಕೊಂಡು, ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತರು.